ನಾಯಿ, ಬೆಕ್ಕಿಗೆ ಯಾವ ಕ್ಲಿನಿಕ್? ಪಶುವೈದ್ಯರನ್ನು ಕೇಳಿ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮನೆಗೆ ಎರಡು ತಿಂಗಳ ನಾಯಿಮರಿ ಬಂದಿದೆ. ಮೂರು ವರ್ಷದ ಗಂಡು ಬೆಕ್ಕು ಮೊದಲೇ ಇದೆ. ಮರಿಯಾಗಿದ್ದಾಗ ಅದಕ್ಕೆ ಲಸಿಕೆ ಹಾಕಿಸಿದ್ದೇ ಕೊನೆ, ಆಮೇಲೆ ಡಾಕ್ಟ್ರ ಮುಖ ನೋಡಿಲ್ಲ. ಹತ್ತಿರದಲ್ಲಿ ಒಂದು ಚಿಕ್ಕ ಕ್ಲಿನಿಕ್ ಇದೆ, ಒಬ್ಬರೇ ಡಾಕ್ಟ್ರು, ನಡೆದೇ ಹೋಗಬಹುದು. ಇನ್ನೊಂದು ದೊಡ್ಡದು. ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ಇದೆ, ಆದರೆ ಮುಕ್ಕಾಲು ಗಂಟೆ ದಾರಿ. ಯಾವುದಕ್ಕೆ ಹೋಗಲಿ?

ಡಾಕ್ಟರ್: ಮೊದಲು ಹತ್ತಿರದ್ದನ್ನೇ ನೋಡಿ ಬನ್ನಿ. ನಾಯಿಮರಿಗೆ 6ರಿಂದ 8 ವಾರಕ್ಕೆ ಲಸಿಕೆ ಶುರು. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೂ ಹಾಕಿಸಬೇಕು. ಅಷ್ಟು ಸಲ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೂ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಎಂಬುದು ಒಂದೊಂದು ಮರಿಗೆ ಒಂದೊಂದು ಥರ. ಹಾಗಾಗಿ ಕೊನೆಯ ಡೋಸ್ ತಪ್ಪಲೇಬಾರದು. ದೂರದ ಕ್ಲಿನಿಕ್ ಆದರೆ ಜನ ತಪ್ಪಿಸುವುದು ಅದನ್ನೇ! ಇದರ ಜೊತೆಗೆ ಹುಳದ ಔಷಧಿ, ರೇಬೀಸ್ ಲಸಿಕೆ. ಈ ಯಾವುದಕ್ಕೂ ಸ್ಕ್ಯಾನಿಂಗ್ ಬೇಡ.

ಆದರೆ ಹತ್ತಿರ ಅನ್ನೋ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಬೇಡಿ. ಪ್ರಾಣಿಯನ್ನು ಕರೆದೊಯ್ಯದೆ ಒಮ್ಮೆ ಸುಮ್ನೆ ಹೋಗಿ ಕೂತು ಬನ್ನಿ. ಬಂದ ಪ್ರಾಣಿಯನ್ನು ತೂಕ ಮಾಡುತ್ತಾರಾ? ಡಾಕ್ಟ್ರು ಬಾಯಿ ತೆರೆದು ಹಲ್ಲು ನೋಡುತ್ತಾರಾ, ಕಿವಿ ನೋಡುತ್ತಾರಾ, ಹೊಟ್ಟೆ ಮುಟ್ಟಿ ನೋಡುತ್ತಾರಾ? ಏನು ತಿನ್ನುತ್ತೆ, ಎಷ್ಟು ನೀರು ಕುಡಿಯುತ್ತೆ ಅಂತ ಕೇಳುತ್ತಾರಾ? ಮೇಜಿನ ಆಚೆಯಿಂದಲೇ ನೋಡಿ ಚೀಟಿ ಬರೆದರೆ ಎದ್ದು ಬನ್ನಿ. ಗೋಡೆಯ ಬಣ್ಣ, ಎ.ಸಿ. ನನ್ನ ಲೆಕ್ಕದಲ್ಲಿ ಕೊನೆಗೆ ಬರುವ ವಿಷಯ.

ಇನ್ನೊಬ್ಬ ಸದಸ್ಯರು: ಲಸಿಕೆ ಫ್ರಿಜ್‌ನಲ್ಲಿ ಇಟ್ಟಿದ್ದಾರಾ ಅಂತ ಕೇಳಿದರೆ ಡಾಕ್ಟ್ರಿಗೆ ಬೇಜಾರಾಗಲ್ವಾ?

ಡಾಕ್ಟರ್: ಹೊಸದರಲ್ಲಿ ನನಗೂ ಸ್ವಲ್ಪ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಕೇಳುವ ಮೊದಲೇ ತೋರಿಸುತ್ತೇನೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಬಿಸಿ ತಾಗಿದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. "ಸೀಸೆ ಒಮ್ಮೆ ನೋಡಬಹುದಾ" ಅಂತ ಕೇಳಿ. ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಓದಿಕೊಳ್ಳಿ. ಸೀಸೆಯ ಮೇಲಿನ ಚೀಟಿ ನಿಮ್ಮ ಲಸಿಕೆ ಕಾರ್ಡಿಗೆ ಅಂಟಬೇಕು. ಬರೀ ಸಹಿ ಹಾಕಿ ಕೊಟ್ಟರೆ ಸಾಲದು.

ಪ್ರಶ್ನೆ ಕೇಳಿದವರು: ಸರಿ ಡಾಕ್ಟ್ರೇ. ಬೆಕ್ಕಿನದ್ದೇ ದೊಡ್ಡ ತಲೆನೋವು. ಒಯ್ಯುವ ಬುಟ್ಟಿ ಕಂಡರೆ ಮಂಚದ ಕೆಳಗೆ ಸೇರುತ್ತೆ. ಮನೆಯಿಂದ ಹೊರಗೇ ಹೋಗಲ್ಲವಲ್ಲ, ಲಸಿಕೆ ಬೇಕೇ ಬೇಕಾ?

ಡಾಕ್ಟರ್: ಬೇಕು. ನಾಯಿಮರಿಗಳಿಗೆ ವಾಂತಿ-ಭೇದಿ ತರುವ ಪಾರ್ವೋ ಥರದ್ದೇ ಒಂದು ರೋಗ ಬೆಕ್ಕಿಗೂ ಇದೆ, ಪ್ಯಾನ್‌ಲ್ಯೂಕೋಪೀನಿಯಾ ಅಂತ. ಅದರ ವೈರಸ್ ತಿಂಗಳುಗಟ್ಟಲೆ ಬದುಕುತ್ತದೆ, ನಿಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೇ ಬರಬಹುದು. ಲಸಿಕೆ ಒಂದೇ ಅಲ್ಲ, ವರ್ಷಕ್ಕೊಮ್ಮೆ ತಪಾಸಣೆಯೂ ಬೇಕು. ಬೆಕ್ಕು ನೋವನ್ನು ಮುಚ್ಚಿಡುವುದರಲ್ಲಿ ಜಾಣ. ತೂಕ ಇಳಿಯುತ್ತಿರುವುದು ನಿಮ್ಮ ಕಣ್ಣಿಗಿಂತ ಮೊದಲು ತಕ್ಕಡಿಗೆ ಗೊತ್ತಾಗುತ್ತದೆ.

ಬೆಕ್ಕಿದ್ದವರು ಕ್ಲಿನಿಕ್ಕಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ನಾಯಿಗಳು ಕಡಿಮೆ ಇರುವ ಹೊತ್ತು ಯಾವುದು?" ಉತ್ತರ ಬಂದ ರೀತಿಯಲ್ಲೇ ಅವರಿಗೆ ಬೆಕ್ಕಿನ ಬಗ್ಗೆ ಎಷ್ಟು ಗೊತ್ತು ಅಂತ ಅರ್ಧ ತಿಳಿಯುತ್ತದೆ. ಬುಟ್ಟಿಯನ್ನು ನೆಲದ ಮೇಲೆ ಇಡಬೇಡಿ, ಕುರ್ಚಿಯ ಮೇಲಿಟ್ಟು ಬಟ್ಟೆ ಮುಚ್ಚಿ. ಮೇಲಿನ ಮುಚ್ಚಳ ಪೂರ್ತಿ ತೆಗೆಯಬಹುದಾದ ಬುಟ್ಟಿ ತಗೊಳ್ಳಿ. ಬೆಕ್ಕು ಕೆಳಗಿನ ಅರ್ಧದಲ್ಲೇ ಕೂತಿರಲಿ, ಡಾಕ್ಟ್ರು ಅಲ್ಲೇ ನೋಡಲಿ. ಮೊದಲೇಟಿಗೇ ಕುತ್ತಿಗೆಯ ಚರ್ಮ ಹಿಡಿದು ಎಳೆಯುವ ಜಾಗಕ್ಕೆ ನಾನಾದರೆ ಮತ್ತೆ ಹೋಗುವುದಿಲ್ಲ. ಇವತ್ತೇ ಬುಟ್ಟಿ ತೆಗೆದು ಮನೆಯ ಮೂಲೆಯಲ್ಲಿ ತೆರೆದಿಡಿ. ಒಳಗೆ ಹಳೇ ಬಟ್ಟೆ ಹಾಸಿ, ಆಗಾಗ ತಿಂಡಿ ಇಡಿ.

ನಿಮ್ಮದು ಗಂಡು ಬೆಕ್ಕು, ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ. ಪದೇ ಪದೇ ಮರಳಿನ ತಟ್ಟೆಗೆ ಹೋಗಿ ತಿಣುಕುತ್ತಿದ್ದು, ಮೂತ್ರ ಬರುತ್ತಿಲ್ಲ ಅಂದರೆ ಮಲಬದ್ಧತೆ ಅಂದುಕೊಂಡು ಕಾಯಬೇಡಿ. ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಆಗ ಯಾವ ಕ್ಲಿನಿಕ್ ಅಂತ ಆರಿಸುತ್ತಾ ಕೂರುವ ಹಾಗಿಲ್ಲ, ತೆರೆದಿರುವ ಕಡೆ ಓಡಿ. ಇನ್ನೊಂದು: ನಾಯಿಮರಿಗೆ ತಂದ ಉಣ್ಣಿ ಔಷಧಿಯನ್ನು ಕೇಳದೆ ಬೆಕ್ಕಿಗೆ ಹಚ್ಚಬೇಡಿ. ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿಗೆ ಅದು ವಿಷ. ಪ್ಯಾರಸಿಟಮಾಲ್ ಕೂಡ ಹಾಗೇ, ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು.

ಮತ್ತೊಬ್ಬ ಸದಸ್ಯರು: ನಮ್ಮ ನಾಯಿಗೆ ಮೈ ಕೆರೆತ. ಹೋದಾಗೆಲ್ಲ ಒಂದು ಇಂಜೆಕ್ಷನ್ ಹಾಕುತ್ತಾರೆ, ಅವತ್ತೇ ಕಡಿಮೆಯಾಗುತ್ತೆ. ಕೆಲವು ವಾರಕ್ಕೆ ಮತ್ತೆ ಅದೇ ಕಥೆ. ಏನು ಔಷಧಿ ಅಂತ ಕೇಳಿದರೆ "ಅಲರ್ಜಿಗೆ" ಅಂತಾರೆ ಅಷ್ಟೇ.

ಡಾಕ್ಟರ್: ಸ್ಟೀರಾಯ್ಡ್ ಇರಬಹುದು. ಅದು ಕೆಟ್ಟ ಔಷಧಿಯೇನಲ್ಲ, ನಾನೂ ಕೊಡುತ್ತೇನೆ. ಆದರೆ ಕಾರಣ ಹುಡುಕದೆ ಮತ್ತೆ ಮತ್ತೆ ಕೊಡುವುದು ಸರಿಯಲ್ಲ. ಇಂಜೆಕ್ಷನ್ ಆದ ಮೇಲೆ ನಾಯಿ ಜಾಸ್ತಿ ನೀರು ಕುಡಿದು, ಜಾಸ್ತಿ ಮೂತ್ರ ಮಾಡುತ್ತಿದೆಯಾ ಗಮನಿಸಿ. ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರಾ? ಚಿಗಟ ಹುಡುಕಿದ್ದಾರಾ? ಕೊಟ್ಟ ಔಷಧಿಯ ಹೆಸರು, ಪ್ರಮಾಣ ಬರೆದು ಕೊಡಿ ಅನ್ನಿ. ಬರೆದು ಕೊಡದಿದ್ದರೆ ಬೇರೆ ಕ್ಲಿನಿಕ್ ನೋಡಿ, ಅದರಲ್ಲಿ ಸಂಕೋಚ ಬೇಡ.

ಇನ್ನೊಬ್ಬ ಸದಸ್ಯರು: ಹೆಣ್ಣು ನಾಯಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕು. ಎರಡು ಕಡೆ ಕೇಳಿದೆ, ಒಬ್ಬರು ಇನ್ನೊಬ್ಬರ ಎರಡರಷ್ಟು ಹೇಳುತ್ತಾರೆ.

ಡಾಕ್ಟರ್: ಆ ದುಡ್ಡಿನಲ್ಲಿ ಏನೇನು ಸೇರಿದೆ ಅಂತ ಇಬ್ಬರನ್ನೂ ಕೇಳಿ. ಮೊದಲು ರಕ್ತಪರೀಕ್ಷೆ ಇದೆಯಾ, ಕಾಲಿಗೆ ಸೂಜಿ ಹಾಕಿ ಡ್ರಿಪ್ ಕೊಡುತ್ತಾರಾ, ಮನೆಗೆ ನೋವಿನ ಮಾತ್ರೆ ಕೊಡುತ್ತಾರಾ. ಮುಖ್ಯವಾಗಿ, ಡಾಕ್ಟ್ರು ಹೊಟ್ಟೆ ಕೊಯ್ಯುವಾಗ ಅರಿವಳಿಕೆಯಲ್ಲಿರುವ ನಾಯಿಯ ಉಸಿರು, ನಾಡಿ ನೋಡಲು ಬೇರೊಬ್ಬರು ನಿಂತಿರುತ್ತಾರಾ? ಕಡಿಮೆ ಹೇಳಿದವರೇ ಇದಕ್ಕೆಲ್ಲ ಹೌದು ಅಂದರೆ ಅಲ್ಲೇ ಮಾಡಿಸಿ.

ಪ್ರಶ್ನೆ ಕೇಳಿದವರು: ರಾತ್ರಿ ಏನಾದರೂ ಆದರೆ? ಚಿಕ್ಕ ಕ್ಲಿನಿಕ್ ಸಂಜೆಗೇ ಬಾಗಿಲು ಹಾಕುತ್ತೆ.

ಡಾಕ್ಟರ್: ಒಬ್ಬರೇ ಡಾಕ್ಟ್ರು ಇಪ್ಪತ್ತನಾಲ್ಕು ಗಂಟೆ ಕೂರಲಾರರು. "ರಾತ್ರಿ ಆದರೆ ಎಲ್ಲಿಗೆ ಹೋಗಲಿ" ಅಂತ ಮೊದಲ ದಿನವೇ ಅವರನ್ನೇ ಕೇಳಿ. ನಿಮ್ಮ ಆ ದೊಡ್ಡ ಕ್ಲಿನಿಕ್ ಉಪಯೋಗಕ್ಕೆ ಬರುವುದು ಇಲ್ಲೇ. ಅಲ್ಲಿ ರಾತ್ರಿ ಡಾಕ್ಟ್ರು ಇರುತ್ತಾರಾ, ಬರೀ ಫೋನ್ ಎತ್ತುವವರು ಇರುತ್ತಾರಾ ಅಂತ ಈಗಲೇ ತಿಳಿದುಕೊಳ್ಳಿ. ಎರಡೂ ಪ್ರಾಣಿಗಳ ಲಸಿಕೆ ಕಾರ್ಡಿನ ಫೋಟೋ ಫೋನಿನಲ್ಲಿ ಇಟ್ಟುಕೊಂಡಿರಿ.

ಪ್ರಶ್ನೆ ಕೇಳಿದವರು: ಚಿಕ್ಕ ಕ್ಲಿನಿಕ್ಕಿಗೆ ಹೋಗಿ ಕೂತು ಬಂದೆ ಡಾಕ್ಟ್ರೇ. ತೂಕ ಮಾಡಿದರು, ಹಲ್ಲೂ ನೋಡಿದರು. ಮಧ್ಯಾಹ್ನ ನಾಯಿ ಕಡಿಮೆ, ಬೆಕ್ಕನ್ನು ಆಗ ತನ್ನಿ ಅಂದರು. ನಾಳೆ ಮರಿಯನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಬೆಕ್ಕಿನ ಬುಟ್ಟಿ ತೆರೆದಿಟ್ಟೆ, ಒಳಗೆ ಹೋಗಿ ಮಲಗಿದ್ದು ನಾಯಿಮರಿ!

ಡಾಕ್ಟರ್: ಮರಿಯನ್ನು ಅದರಲ್ಲೇ ಒಯ್ಯಿರಿ, ಲಸಿಕೆ ಮುಗಿಯುವವರೆಗೆ ಕ್ಲಿನಿಕ್ಕಿನ ನೆಲಕ್ಕೆ ಬಿಡಬೇಡಿ. ಬೆಳಗಿನ ಕಕ್ಕ ಸ್ವಲ್ಪ ಡಬ್ಬಿಯಲ್ಲಿ ತಗೊಂಡು ಹೋಗಿ, ಹುಳ ಇದೆಯಾ ನೋಡಬಹುದು. ವಾಪಸ್ ಬಂದ ಮೇಲೆ ಬುಟ್ಟಿಯನ್ನು ಚೆನ್ನಾಗಿ ತೊಳೆದು, ಬೆಕ್ಕಿಗೆ ಎಟುಕುವ, ಮರಿಗೆ ಎಟುಕದ ಎತ್ತರದಲ್ಲಿ ಇಡಿ.