ಸಹಾಯ ಬೇಕು: ಪೆಡಲ್ ಬಿಟ್ಟರೂ ಸ್ವರ ಪೂರ್ತಿ ಇಳಿಯುತ್ತಿಲ್ಲ

ತೀರ್ಥಹಳ್ಳಿಯ ನಮ್ಮ ಮನೆಯ ಅಟ್ಟದಲ್ಲಿ ಹಲವು ಮಳೆಗಾಲ ಕಳೆದ, ಚಿಕ್ಕಪ್ಪನ ಹತ್ತು ತಂತಿಯ ಪೆಡಲ್ ಸ್ಟೀಲ್ ಗಿಟಾರನ್ನು (ಅಡ್ಡಲಾಗಿ ಇಟ್ಟು ನುಡಿಸುವ, ಕಾಲಿನ ಪೆಡಲ್ ಒತ್ತಿ ತಂತಿಗಳ ಸ್ವರ ಬದಲಿಸುವ ಗಿಟಾರ್) ಸರಿಪಡಿಸುತ್ತಿದ್ದೇನೆ. ತಂತಿಗಳು ಇ9 ಎಂಬ ಶ್ರುತಿಯಲ್ಲಿವೆ. ಉಕ್ಕಿನ ಬಾರ್ ಜಾರಿಸಿದರೆ ಈಗಲೂ ಹಾಡುವ ಕೊರಳಿನಂಥ ಮೀಂಡ್ ಹೊರಡುತ್ತದೆ. ಕೈಬಿಡಲು ಮನಸ್ಸೇ ಬರುತ್ತಿಲ್ಲ.

ತೊಂದರೆ ಆರನೆಯ ತಂತಿಯದು. ಎರಡನೆಯ ಪೆಡಲ್ ಒತ್ತಿದರೆ ಜಿ ಶಾರ್ಪ್‌ನಿಂದ ಎ ಸ್ವರಕ್ಕೆ ಸರಿಯಾಗಿಯೇ ಏರುತ್ತದೆ. ಬಿಟ್ಟಾಗ ಮಾತ್ರ ಕೂದಲೆಳೆಯಷ್ಟು ಮೇಲೆಯೇ ನಿಲ್ಲುತ್ತದೆ. ಅದೇ ಪೆಡಲಿನ ಮೂರನೆಯ ತಂತಿ ಚೆನ್ನಾಗಿ ಮರಳುತ್ತದೆ. ಹೊಸ ತಂತಿ ಹಾಕಿದೆ, ಪೆಡಲಿನ ಎಳೆತವನ್ನು ತಂತಿಯತ್ತ ಒಯ್ಯುವ ಸರಳುಗಳ ತುಕ್ಕು ಉಜ್ಜಿದೆ, ಅವುಗಳ ತುದಿಯಲ್ಲಿ ಸ್ವರ ಹೊಂದಿಸುವ ನೈಲಾನ್ ತಿರುಪು ಸಡಿಲಿಸಿದೆ, ಹೊಲಿಗೆ ಯಂತ್ರದ ಎಣ್ಣೆಯನ್ನೂ ಬಿಟ್ಟೆ. ಏನೂ ಬದಲಾಗಲಿಲ್ಲ.

ಚೇಂಜರ್ (ಪೆಡಲ್ ಒತ್ತಿದಾಗ ತಂತಿಯನ್ನು ಎಳೆದು ಸ್ವರ ಬದಲಿಸುವ ಭಾಗ) ಒಳಗೆ ಹಳೆಯ ಗ್ರೀಸ್ ಗಟ್ಟಿಯಾಗಿದೆಯೇ ಅಥವಾ ಸ್ಪ್ರಿಂಗ್ ಸೋತಿದೆಯೇ? ಇವೆರಡರಲ್ಲಿ ಯಾವುದೆಂದು ಚೇಂಜರ್ ಬಿಚ್ಚದೆಯೇ ಪತ್ತೆ ಹಚ್ಚುವುದು ಹೇಗೆ?