ಶ್ರೀರಂಗಪಟ್ಟಣ ಹೊಳೆಬೀದಿ ಗುಂಪು: ದಿನದ ಬಾಡಿಗೆ ಮನೇಲಿ ಎಷ್ಟು ಜನ?

ಮೇಷ್ಟ್ರು: ಕನ್ನಂಬಾಡಿ ಕಟ್ಟೆ ತುಂಬೋಕೆ, ಅಂದ್ರೆ 124.80 ಅಡಿ ಮುಟ್ಟೋಕೆ, ಇನ್ನು ಸ್ವಲ್ಪವೇ ಬಾಕಿ. 2019ರ ಆಗಸ್ಟಲ್ಲಿ ಹೊಳೆಗೆ ಲಕ್ಷ ಕ್ಯುಸೆಕ್ ದಾಟಿಸಿ ನೀರು ಬಿಟ್ಟಿದ್ದು ನೆನಪಿದೆಯಲ್ಲ? ಆಗ ಬೀದೀಲಿದ್ದೋರೆಲ್ಲ ಗುರುತಿನವರೇ. ಈಗ ಆರು ಮನೆ ದಿನದ ಬಾಡಿಗೆಗೆ ಹೋಗಿವೆ. ರಾತ್ರಿ ಒಂಬತ್ತಕ್ಕೆ ಯಾವ ಮನೇಲಿ ಎಷ್ಟು ಜನ ಅಂತ ಇಲ್ಲಿ ಹಾಕಿ. ಹೆಸರು ಬೇಡ, ತಲೆಲೆಕ್ಕ ಸಾಕು.

ಮಹಡಿಮನೆ ಅಣ್ಣ: ಮೇಷ್ಟ್ರೇ, ಆಧಾರ್ ನೋಡ್ದೆ ನಾನು ಕೀ ಕೊಡಲ್ಲ. ಫಾರಿನ್ನವರು ಬಂದ್ರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಫಾರಂ ಕಳಿಸ್ತೀನಿ. ಬೀದಿಗೂ ಲೆಕ್ಕ ಒಪ್ಪಿಸ್ಬೇಕಾ?

ಮೂಲೆಮನೆ ಅಕ್ಕ: ಆ ಫಾರಂ ನಡುರಾತ್ರೀಲಿ ಬಂದು ಬಾಗಿಲು ಬಡಿಯುತ್ತಾ ಅಣ್ಣ? ಹೋದ್ವರ್ಷ ಮೈಕ್ ಕಟ್ಕೊಂಡು ಆಟೊ ಬಂತಲ್ಲ, ಹೊಳೆಗಿಳೀಬೇಡಿ ಅಂತ? ಎದುರುಮನೇಲಿದ್ದ ಹೈದರಾಬಾದ್ ಹುಡುಗರು ತರಕಾರಿ ಗಾಡಿ ಅಂದ್ಕೊಂಡಿದ್ರಂತೆ. ಹೆಗಲಿಗೆ ಟವೆಲ್ ಹಾಕ್ಕೊಂಡು ಸ್ನಾನಘಟ್ಟಕ್ಕೆ ಹೊರಟೇಬಿಟ್ಟಿದ್ರು. ನಾನು ಅಡ್ಡ ನಿಂತೆ.

ಮೇಷ್ಟ್ರು: ವಯನಾಡಲ್ಲಿ ಗುಡ್ಡ ಕುಸಿದಿದ್ದು ನೆನೆಸ್ಕೊಳ್ಳಿ, 2024 ಜುಲೈ 30ರ ಬೆಳಗಿನ ಜಾವ. ಕಾಣೆಯಾದವರ ಪಟ್ಟಿ ಮಾಡೋಕೆ ರೇಷನ್ ಕಾರ್ಡು, ಮತದಾರರ ಪಟ್ಟಿ ಹುಡುಕಬೇಕಾಯ್ತು. ಒಂದು ರಾತ್ರಿಗೆ ಬಂದು ತಂಗಿದೋನು ಯಾವ ರೇಷನ್ ಕಾರ್ಡಲ್ಲಿರ್ತಾನೆ?

ಮಹಡಿಮನೆ ಅಣ್ಣ: ಅದು ಸರಿ. ಆದ್ರೆ ಗುಂಪಲ್ಲಿ ಸೊನ್ನೆ ಅಂತ ಹಾಕಿದ್ರೆ ಮನೆ ಖಾಲಿ ಬನ್ನಿ ಅಂತ ಕಳ್ಳರನ್ನ ಕರೆದಂಗೆ.

ಮೇಷ್ಟ್ರು: ಇದು ನನಗೆ ಹೊಳೆದಿರಲಿಲ್ಲ. ನನ್ನೊಬ್ಬನಿಗೇ ಕಳಿಸಿ. ಬೆಳಿಗ್ಗೆ ಅಳಿಸಿಬಿಡ್ತೀನಿ.

ಹಾಲಿನ ಬೂತ್: ಲೆಕ್ಕದ ಜೊತೆ ಕೀ ವಿಷಯಾನೂ ಸೇರ್ಸಿ. ಕೊನೆಮನೆ ಓನರ್ ಇರೋದು ಬೆಂಗಳೂರಲ್ಲಿ, ಬಾಗಿಲಿಗೆ ನಂಬರ್ ಲಾಕು. ಹೋದ್ಸಲ ನೀರಿಳಿದು ಮೂರು ದಿನವಾದ್ರೂ ಮೇನ್ ಸ್ವಿಚ್ ಆರಿಸೋರಿಲ್ಲ, ಕೆಸರು ಬಳಿಯೋರಿಲ್ಲ. ಪಕ್ಕದ ಗೋಡೆಗೆಲ್ಲ ತೇವ ಹತ್ತಿ ನಾತ ಕಣ್ರಿ. ಒಂದು ಕೀ ಈ ಬೀದೀಲೇ ಇರ್ಲಿ.

ಮೇಲುಬೀದಿ ಆಂಟಿ: ಹೊಳೆ ತುಂಬಿದ್ರೆ ನಮ್ಮ ಬುಕಿಂಗೂ ಕ್ಯಾನ್ಸಲ್ಲೇ. ಮೂರು ರೂಮು ಖಾಲಿ ಬಿದ್ದಿರ್ತವೆ. ಕಾಳಜಿ ಕೇಂದ್ರ ತೆರೆಯೋವರೆಗೆ ವಯಸ್ಸಾದೋರು, ಬಾಣಂತಿಯರು ಬಂದಿರಲಿ. ಬಾಡಿಗೆ ಮಾತೆತ್ತಬೇಡಿ. ನಾಯಿ ಮಾತ್ರ ಬೇಡಪ್ಪ, ನಮ್ಮನೇಲಿ ಮೂರು ಬೆಕ್ಕಿವೆ.

ಮೂಲೆಮನೆ ಅಕ್ಕ: ಹೊಳೆಗಿಳೀಬೇಡಿ ಅಂತ ತೆಲುಗು, ಹಿಂದೀಲೂ ಬರೆಸಿ ಎಲ್ಲರ ಬಾಗಿಲ ಹಿಂದೆ ಅಂಟಿಸೋಣ. ಸಹಾಯವಾಣಿ ನಂಬರು 112, 1077 ದೊಡ್ಡದಾಗಿ ಇರ್ಲಿ. ಜೆರಾಕ್ಸ್ ಖರ್ಚು ನಂದು.

ಮಹಡಿಮನೆ ಅಣ್ಣ: ಮೇಷ್ಟ್ರೇ, ಇವತ್ತಿಂದು ಕಳಿಸಿದೀನಿ. ದೊಡ್ಡೋರು ನಾಲ್ಕು. ಒಂದು ಕೂಸು, ಅದನ್ನೂ ಎಣಿಸ್ಬೇಕಾ?

ಮೇಷ್ಟ್ರು: ಎಣಿಸಿ. ದೊಡ್ಡೋರಲ್ಲಿ ಅಜ್ಜಿ ಇದ್ರೆ ಒಬ್ಬರೇ ಮೆಟ್ಟಿಲು ಇಳೀತಾರಾ ಕೇಳಿ ಬರೀರಿ.