ಸಹಾಯ ಬೇಕು: ಹೊರಗಿನ ಊಟಕ್ಕೆ ತಿಂಗಳಿಗೆ ಎಷ್ಟು ಎತ್ತಿಡಬೇಕು?

ಕಾರವಾರದಲ್ಲಿರುವ ನಮ್ಮ ನಾಲ್ವರ ಕುಟುಂಬದ ತಿಂಗಳ ಲೆಕ್ಕ ಬರೆಯಲು ತೊಡಗಿದ್ದೇನೆ. ಹೋಟೆಲಿನ ಖರ್ಚಿಗೆ ಎಷ್ಟು ಇಡಬೇಕೆಂಬುದು ಮಾತ್ರ ತೀರ್ಮಾನವಾಗುತ್ತಿಲ್ಲ.

ಕೇಂದ್ರ ಸರ್ಕಾರದ 2023-24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯಂತೆ ದೇಶದ ನಗರವಾಸಿಯೊಬ್ಬರ ಸರಾಸರಿ ಮಾಸಿಕ ವೆಚ್ಚ 6,996 ರೂಪಾಯಿ. ಅದರಲ್ಲಿ ಸುಮಾರು ಶೇ 11ರಷ್ಟು ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ಆಹಾರಕ್ಕೆ ಹೋಗುತ್ತದೆ. ಆದರೆ ಮನೆಗೆ ತರುವ ಬಿಸ್ಕತ್ತು, ಚಹಾಪುಡಿಗಳೂ ಇದೇ ಬಾಬಿನಲ್ಲಿ ಸೇರಿರುವುದರಿಂದ ಹೋಟೆಲ್ ಊಟದ ಪಾಲು ಎಷ್ಟೆಂದು ಇದರಿಂದ ತಿಳಿಯುವುದಿಲ್ಲ. ಮೇಲಾಗಿ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಆಗ ತಾಜಾ ಮೀನು ದುಬಾರಿಯಾಗುವುದರಿಂದ ಹನ್ನೆರಡೂ ತಿಂಗಳಿಗೆ ಒಂದೇ ಮೊತ್ತವಿಡುವುದು ನನಗೆ ಸರಿಯೆನಿಸುವುದಿಲ್ಲ.

ಮಕ್ಕಳೊಂದಿಗೆ ಭಾನುವಾರ ಹೊರಗೆ ಕುಳಿತು ಮೀನೂಟ ಉಣ್ಣುವುದನ್ನು ನಾನು ಅನಗತ್ಯ ಖರ್ಚೆಂದು ಭಾವಿಸಿಲ್ಲ, ನಿಲ್ಲಿಸುವ ಉದ್ದೇಶವೂ ಇಲ್ಲ.

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯವರು ತಮ್ಮ ಮನೆಯ ಸದಸ್ಯರ ಸಂಖ್ಯೆ ಮತ್ತು ತಿಂಗಳ ಅಂದಾಜು ಮೊತ್ತವನ್ನು ದಯವಿಟ್ಟು ತಿಳಿಸಿ. ಕಚೇರಿ ವೇಳೆಯ ಚಹಾ-ಬನ್ಸ್, ಪ್ರಯಾಣದ ಊಟ, ಮನೆಗೆ ತರಿಸುವ ಪಾರ್ಸಲ್ ಇವೆಲ್ಲವನ್ನೂ ಅದರಲ್ಲಿ ಸೇರಿಸುತ್ತೀರೋ, ಬೇರೆಯಾಗಿ ಬರೆಯುತ್ತೀರೋ ಎಂಬುದನ್ನೂ ಹೇಳಿದರೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ. ಮಳೆಗಾಲದ ಎರಡು ತಿಂಗಳಿಗೆ ಪ್ರತ್ಯೇಕ ಮೊತ್ತ ಇಡುವವರಿದ್ದರೆ ಅವರ ಉತ್ತರ ನನಗೆ ವಿಶೇಷವಾಗಿ ಬೇಕಾಗಿದೆ.